ಛದ್ಮವೇಷವಲ್ಲ, ಛದ್ಮಸ್ಥ ಸ್ಥಿತಿ

ಬಡ್ತಿಯ ಪತ್ರ ಕೈಸೇರಿದ ದಿನ ಮನೆಮಂದಿಯೆಲ್ಲ ಸಿಹಿ ಹಂಚುವ ಸಂಭ್ರಮದಲ್ಲಿರುತ್ತಾರೆ. ಪತ್ರ ಪಡೆದವರ ಎದೆಯಲ್ಲಿ ಮಾತ್ರ ಒಂದು ಅಳುಕು ಮೆಲ್ಲನೆ ತಲೆಯೆತ್ತುತ್ತದೆ. ಈ ಸ್ಥಾನಕ್ಕೆ ತಾನು ತಕ್ಕವನೇ? ಆಯ್ಕೆ ಮಾಡಿದವರು ಎಲ್ಲೋ ಎಡವಿರಬೇಕು. ಇಂದಲ್ಲ ನಾಳೆ ತನ್ನ ಬಂಡವಾಳ ಬಯಲಾಗದೆ ಇರದು.

ಹಳ್ಳಿಯ ಕನ್ನಡ ಮಾಧ್ಯಮದ ಶಾಲೆಯಲ್ಲಿ ಓದಿ ಮಹಾನಗರದ ಸಂಸ್ಥೆಯಲ್ಲಿ ಎಂಜಿನಿಯರ್ ಆದ ತರುಣಿ, ಮೊದಲ ಬಾರಿಗೆ ಪಾಠ ಹೇಳಲು ನಿಂತ ಉಪನ್ಯಾಸಕ, ಹೊಸದಾಗಿ ಇಲಾಖೆಯ ಹೊಣೆ ಹೊತ್ತ ಅಧಿಕಾರಿ - ಇವರೆಲ್ಲರ ಒಳದನಿ ಹೆಚ್ಚುಕಡಿಮೆ ಒಂದೇ. ಸಭೆಯಲ್ಲಿ ತಿಳಿಯದ ಮಾತು ಬಂದರೂ ತಿಳಿದವರಂತೆ ತಲೆಯಾಡಿಸುತ್ತಾರೆ. ಮೆಚ್ಚುಗೆ ದೊರೆತರೆ ಅದನ್ನು ಅದೃಷ್ಟದ ಲೆಕ್ಕಕ್ಕೆ ಬರೆಯುತ್ತಾರೆ. ತಪ್ಪಾದರೆ ಮಾತ್ರ ಅದರ ಪೂರ್ಣ ಹೊಣೆಯನ್ನು ತಮ್ಮ ತಲೆಯ ಮೇಲೆಯೇ ಹೇರಿಕೊಳ್ಳುತ್ತಾರೆ.

ಅಮೆರಿಕದ ಮನೋವಿಜ್ಞಾನಿಗಳಾದ ಪೌಲಿನ್ ಕ್ಲಾನ್ಸ್ ಮತ್ತು ಸುಝಾನ್ ಐಮ್ಸ್ 1978ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ ಈ ಭಾವಕ್ಕೆ ಹೆಸರು ಕೊಟ್ಟರು. ವಿದ್ಯೆಯಲ್ಲೂ ವೃತ್ತಿಯಲ್ಲೂ ಉನ್ನತ ಸಾಧನೆ ಮಾಡಿದ 150ಕ್ಕೂ ಹೆಚ್ಚು ಮಹಿಳೆಯರನ್ನು ಹತ್ತಿರದಿಂದ ಕಂಡು ಅವರು ಬರೆದ ಲೇಖನವದು. ಸಾಧನೆ ಕಣ್ಣೆದುರಿಗಿದ್ದರೂ, ತಾವು ಇತರರನ್ನು ವಂಚಿಸಿ ಆ ಸ್ಥಾನದಲ್ಲಿ ಕುಳಿತಿದ್ದೇವೆ ಎಂಬ ಶಂಕೆ ಆ ಮಹಿಳೆಯರನ್ನು ಬಿಟ್ಟಿರಲಿಲ್ಲ. ಇಂದು 'ಇಂಪೋಸ್ಟರ್ ಸಿಂಡ್ರೋಮ್' ಎಂದು ಜನರು ಕರೆಯುವುದು ಇದನ್ನೇ. ಕನ್ನಡದಲ್ಲಿ ಹೇಳುವುದಾದರೆ, ತಾನು ಛದ್ಮವೇಷ ಹಾಕಿಕೊಂಡಿದ್ದೇನೆ ಎಂಬ ಭಾವ.

ಈ 'ಛದ್ಮ' ಎಂಬ ಶಬ್ದವನ್ನೇ ಹಿಡಿದು ಜೈನದರ್ಶನದ ಬಾಗಿಲು ತಟ್ಟಿದರೆ, ಒಳಗೆ ಅನಿರೀಕ್ಷಿತವಾದ ಒಂದು ಸಮಾಧಾನ ಕಾದಿದೆ.

ಎಲ್ಲರೂ ಛದ್ಮಸ್ಥರೇ

ಶಾಲೆಯ ವಾರ್ಷಿಕೋತ್ಸವದ ಛದ್ಮವೇಷ ಸ್ಪರ್ಧೆಯಿಂದ ಕನ್ನಡಿಗರಿಗೆ ಪರಿಚಿತವಾದ ಈ ಶಬ್ದಕ್ಕೆ ಮರೆ, ಮುಸುಕು, ಸೋಗು ಎಂಬ ಅರ್ಥಗಳಿವೆ. ಜೈನಶಾಸ್ತ್ರದಲ್ಲಿ ಛದ್ಮವೆಂದರೆ ಆತ್ಮದ ಜ್ಞಾನ ಮತ್ತು ದರ್ಶನ ಶಕ್ತಿಗಳನ್ನು ಮುಚ್ಚಿರುವ ಕರ್ಮದ ಆವರಣ. ಆ ಆವರಣದೊಳಗೆ ಇರುವವನು ಛದ್ಮಸ್ಥ. ಕೇವಲಜ್ಞಾನ ದೊರೆಯುವವರೆಗೆ ಪ್ರತಿಯೊಬ್ಬ ಜೀವನೂ ಛದ್ಮಸ್ಥನೇ. ಸಾಮಾನ್ಯ ಶ್ರಾವಕನೂ ಛದ್ಮಸ್ಥ, ಶಾಸ್ತ್ರಪಾರಂಗತನಾದ ಆಚಾರ್ಯನೂ ಛದ್ಮಸ್ಥ. ತೀರ್ಥಂಕರರು ಕೂಡ ದೀಕ್ಷೆಯಿಂದ ಕೇವಲಜ್ಞಾನದವರೆಗಿನ ತಪಸ್ಸಿನ ಕಾಲವನ್ನು ಕಳೆದದ್ದು ಛದ್ಮಸ್ಥರಾಗಿಯೇ.

ವೇಷ ಹಾಕುವುದಕ್ಕೂ ಮುಸುಕಿನೊಳಗಿರುವುದಕ್ಕೂ ಇರುವ ಅಂತರ ದೊಡ್ಡದು. ವೇಷ ಹಾಕುವವನಲ್ಲಿ ವಂಚಿಸುವ ಉದ್ದೇಶವಿರುತ್ತದೆ. ಅದು ಮಾಯೆ ಎಂಬ ಕಷಾಯ. ಜೈನಕಥೆಗಳಲ್ಲಿ ಅಂಥ ವೇಷಧಾರಿಯೊಬ್ಬನಿದ್ದಾನೆ. ಜಿನೇಂದ್ರಭಕ್ತನೆಂಬ ಶ್ರೇಷ್ಠಿಯ ಚೈತ್ಯಾಲಯದಲ್ಲಿದ್ದ ವೈಡೂರ್ಯರತ್ನವನ್ನು ಕದಿಯಲು ಕಳ್ಳನೊಬ್ಬ ವ್ರತಿಯ ವೇಷ ಧರಿಸಿ ಒಳಸೇರುತ್ತಾನೆ. ತಾನು ಆ ವೇಷಕ್ಕೆ ಅರ್ಹನೇ ಎಂಬ ಚಿಂತೆ ಅವನನ್ನು ಕಾಡುವುದಿಲ್ಲ. ಅವನ ಚಿಂತೆಯೆಲ್ಲ ರತ್ನದ್ದು. ಅರ್ಹತೆಯ ಕುರಿತು ರಾತ್ರಿಯೆಲ್ಲ ಮರುಗುವವನು ಈ ಕಳ್ಳನ ಸಾಲಿಗೆ ಸೇರಿದವನಲ್ಲ. ಅವನು ಅಪೂರ್ಣ ಜ್ಞಾನದ ಛದ್ಮಸ್ಥ ಸ್ಥಿತಿಯನ್ನು ಛದ್ಮವೇಷವೆಂದು ತಪ್ಪಾಗಿ ಓದಿಕೊಂಡವನು.

ಅಜ್ಞಾನ ಬೇರೆ, ಭಯ ಬೇರೆ

ಜೈನ ಕರ್ಮಸಿದ್ಧಾಂತವು ಎಂಟು ಮೂಲಕರ್ಮಗಳನ್ನು ಹೇಳುತ್ತದೆ. ಅವುಗಳಲ್ಲಿ ಜ್ಞಾನಾವರಣೀಯವು ತಿಳಿವನ್ನು ಮುಚ್ಚುವ ಕರ್ಮ. ಮೋಹನೀಯವು ದೃಷ್ಟಿಯನ್ನೂ ನಡತೆಯನ್ನೂ ಕೆಡಿಸುವ ಕರ್ಮ. ಭಯವನ್ನು ಶಾಸ್ತ್ರಕಾರರು ಎಣಿಸಿರುವುದು ಮೋಹನೀಯದ ಲೆಕ್ಕದಲ್ಲಿ, ಹಾಸ್ಯ, ಶೋಕ, ಜುಗುಪ್ಸೆ ಮೊದಲಾದ ಒಂಬತ್ತು ನೋಕಷಾಯಗಳ ಜತೆಯಲ್ಲಿ. ಕೆಲಸದಲ್ಲಿ ಯಾವುದೋ ಒಂದು ವಿಷಯ ತಿಳಿಯದಿರುವುದು ಜ್ಞಾನಾವರಣದ ಫಲ. ತಿಳಿಯದೆಂದು ಯಾರಿಗಾದರೂ ಗೊತ್ತಾದೀತೆಂದು ನಡುಗುವುದು ಮೋಹದ ಫಲ. ಇವೆರಡೂ ಬೇರೆಬೇರೆ ರೋಗಗಳಾದ್ದರಿಂದ ಮದ್ದೂ ಬೇರೆಬೇರೆ. ಮೊದಲನೆಯದಕ್ಕೆ ಅಭ್ಯಾಸ, ಎರಡನೆಯದಕ್ಕೆ ಸಮ್ಯಗ್ದೃಷ್ಟಿ.

ಅನೇಕರು ಎಡವುವುದು ಇಲ್ಲಿಯೇ. ಇನ್ನೊಂದು ಪದವಿ, ಇನ್ನೊಂದು ಪ್ರಮಾಣಪತ್ರ, ಇನ್ನೂ ಎರಡು ಗಂಟೆ ಹೆಚ್ಚಿನ ದುಡಿಮೆ - ಇವುಗಳಿಂದ ಅಳುಕು ಹೋದೀತೆಂದು ಭಾವಿಸುತ್ತಾರೆ. ಜ್ಞಾನ ಹೆಚ್ಚುತ್ತದೆ, ಭಯ ಇದ್ದಲ್ಲೇ ಇರುತ್ತದೆ. ಏಕೆಂದರೆ ಮದ್ದು ಕೊಟ್ಟದ್ದು ಒಂದು ರೋಗಕ್ಕೆ, ನೋವಿದ್ದದ್ದು ಇನ್ನೊಂದರಲ್ಲಿ.

ಆತ್ಮವಿಕಾಸದ ಹದಿನಾಲ್ಕು ಮೆಟ್ಟಿಲುಗಳಾದ ಗುಣಸ್ಥಾನಗಳಲ್ಲಿ ಹನ್ನೆರಡನೆಯದನ್ನು ಈ ದೃಷ್ಟಿಯಿಂದ ನೋಡಬೇಕು. ಅದಕ್ಕೆ ಕ್ಷೀಣಮೋಹವೆಂದು ಹೆಸರು. ಅಲ್ಲಿ ಮೋಹ ಸಂಪೂರ್ಣವಾಗಿ ನಾಶವಾಗಿದೆ. ಆದರೆ ಜ್ಞಾನಾವರಣ ಇನ್ನೂ ಉಳಿದಿದೆ. ಆ ಮೆಟ್ಟಿಲಿನಲ್ಲಿ ನಿಂತ ಮುನಿ ವೀತರಾಗ, ಆದರೂ ಛದ್ಮಸ್ಥ. ಅವನಿಗೆ ಎಲ್ಲವೂ ತಿಳಿದಿಲ್ಲ. ತಿಳಿದಿಲ್ಲವೆಂಬ ಭಯವೂ ಇಲ್ಲ. ನಿರ್ಭಯತೆ ಬರಬೇಕಾದರೆ ಮೊದಲು ಪರಿಪೂರ್ಣ ಜ್ಞಾನ ಬರಬೇಕೆಂಬ ನಿಯಮವನ್ನು ಜೈನದರ್ಶನ ಒಪ್ಪುವುದಿಲ್ಲ. ಅದರ ಪ್ರಕಾರ ಮೊದಲು ಅಳಿಯುವುದು ಮೋಹ, ಅನಂತರ ಆವರಣ. ಆ ಉನ್ನತ ಸ್ಥಿತಿ ಗೃಹಸ್ಥನಿಗೆ ಬಹಳ ದೂರದ್ದು. ಆದರೆ ದಾರಿ ಯಾವ ಕಡೆಗೆ ಎಂಬುದನ್ನು ಆ ಮೆಟ್ಟಿಲು ತೋರಿಸುತ್ತದೆ.

ಆವರಣವು ಎಷ್ಟೇ ದಟ್ಟವಾಗಿದ್ದರೂ ಜ್ಞಾನವನ್ನು ಸಂಪೂರ್ಣವಾಗಿ ಮುಚ್ಚಲಾರದು ಎಂಬ ಮಾತೂ ಶಾಸ್ತ್ರದಲ್ಲಿದೆ. ಅತ್ಯಂತ ಅವಿಕಸಿತವಾದ ನಿಗೋದ ಜೀವಿಯಲ್ಲಿ ಕೂಡ ಜ್ಞಾನದ ಒಂದಂಶ ಸದಾ ತೆರೆದೇ ಇರುತ್ತದೆ. ಮೋಡ ಎಷ್ಟು ಕವಿದರೂ ಹಗಲು ಹಗಲೇ ಆಗಿ ತೋರುವಂತೆ. ಹಾಗಿರುವಾಗ ಹತ್ತಾರು ವರ್ಷ ಓದಿ ದುಡಿದ ಮನುಷ್ಯನು ತನಗೆ ಏನೂ ತಿಳಿಯದು ಎನ್ನುವುದು ವಿನಯವಾಗದು; ಅದು ಇರುವುದನ್ನು ಇಲ್ಲವೆನ್ನುವ ಅಸತ್ಯವಾಗುತ್ತದೆ.

ಬಚ್ಚಿಟ್ಟ ಸಂದೇಹ

ಭಗವಾನ್ ಮಹಾವೀರರ ಪ್ರಥಮ ಗಣಧರ ಇಂದ್ರಭೂತಿ ಗೌತಮನ ವೃತ್ತಾಂತವನ್ನು ದುಡಿಯುವ ಜನರು ವಿಶೇಷವಾಗಿ ನೆನೆಯಬೇಕು. ಮಗಧದ ಮಹಾವಿದ್ವಾಂಸ, ಐನೂರು ಶಿಷ್ಯರ ಗುರು. ಶ್ವೇತಾಂಬರ ಪರಂಪರೆಯ ಪ್ರಕಾರ ಅವನ ಮನದಾಳದಲ್ಲಿ ಒಂದು ಸಂದೇಹವಿತ್ತು: ಜೀವ ಎಂಬುದು ನಿಜವಾಗಿ ಇದೆಯೇ? ಐನೂರು ಜನರಿಗೆ ಪಾಠ ಹೇಳುವವನು ಇಂಥ ಮೂಲಪ್ರಶ್ನೆಯನ್ನು ಯಾರ ಬಳಿ ಕೇಳಬೇಕು? ಅವನು ಬಚ್ಚಿಟ್ಟುಕೊಂಡ. ವಾದದಲ್ಲಿ ಗೆಲ್ಲಲೆಂದು ಮಹಾವೀರರ ಸಭೆಗೆ ಹೋದಾಗ, ಅವರು ಅವನನ್ನು ಹೆಸರು ಹಿಡಿದು ಕರೆದು, ಅವನು ಬಾಯಿ ತೆರೆಯುವ ಮೊದಲೇ ಆ ಸಂದೇಹವನ್ನು ಹೇಳಿ ಪರಿಹರಿಸಿದರು. ಅವನ ಬೆನ್ನಿಗೆ ಬಂದ ಇನ್ನೂ ಹತ್ತು ಮಂದಿ ಪಂಡಿತರ ಎದೆಯಲ್ಲೂ ಒಂದೊಂದು ಸಂದೇಹ ಅಡಗಿತ್ತು. ಜಿನಭದ್ರಗಣಿಯ ವಿಶೇಷಾವಶ್ಯಕಭಾಷ್ಯದಲ್ಲಿ ಈ ಹನ್ನೊಂದು ಸಂದೇಹಗಳ ವಿಸ್ತಾರವಾದ ಚರ್ಚೆಯಿದೆ. ಹನ್ನೊಂದು ಮಂದಿ ಘನವಿದ್ವಾಂಸರು, ಹನ್ನೊಂದು ಗುಟ್ಟುಗಳು. ಒಬ್ಬೊಬ್ಬನೂ ತನ್ನ ಕೊರತೆಯನ್ನು ತಾನೇ ಹೊತ್ತು ತಿರುಗುತ್ತಿದ್ದ.

ದಿಗಂಬರ ಪರಂಪರೆ ಹೇಳುವ ಕಥೆ ಸ್ವಲ್ಪ ಬೇರೆ. ಮಹಾವೀರರಿಗೆ ಕೇವಲಜ್ಞಾನವಾಗಿ 66 ದಿನ ಕಳೆದರೂ ದಿವ್ಯಧ್ವನಿ ಹೊರಡಲಿಲ್ಲ. ಅದನ್ನು ಗ್ರಹಿಸಬಲ್ಲ ಗಣಧರ ಇರಲಿಲ್ಲ. ಇಂದ್ರನು ವೃದ್ಧನ ರೂಪದಲ್ಲಿ ಹೋಗಿ ಒಂದು ಶ್ಲೋಕದ ಅರ್ಥವನ್ನು ಇಂದ್ರಭೂತಿಯಲ್ಲಿ ಕೇಳಿದ. ಉತ್ತರ ಹೊಳೆಯಲಿಲ್ಲ. ತಿಳಿಯದೆನ್ನಲು ಅಭಿಮಾನ ಬಿಡಲಿಲ್ಲ. ನಿನ್ನ ಗುರುವಿನೊಡನೆಯೇ ಮಾತನಾಡುತ್ತೇನೆಂದು ಹೊರಟವನು ಸಮವಸರಣದ ಮಾನಸ್ತಂಭವನ್ನು ಕಂಡೊಡನೆ ಮಾನ ಕರಗಿ ನಿಂತ. ಮೂಡುಬಿದಿರೆಯಲ್ಲಿ, ಶ್ರವಣಬೆಳಗೊಳದಲ್ಲಿ, ಬಸದಿಗಳ ಮುಂದೆ ನಿಂತಿರುವ ಮಾನಸ್ತಂಭಗಳು ಇಂದಿಗೂ ನೆನಪಿಸುವುದು ಇದನ್ನೇ: ಒಳಗೆ ಹೋಗುವ ಮೊದಲು ಮಾನವನ್ನು ಹೊರಗೆ ಬಿಡಬೇಕು.

ಎರಡು ಕಥನಗಳೂ ಒಂದೇ ಕಡೆ ಸೇರುತ್ತವೆ. ಕೊರತೆ ಇದ್ದುದರಿಂದ ಗೌತಮ ಅನರ್ಹನಾಗಲಿಲ್ಲ. ದಿವ್ಯಧ್ವನಿ ಕಾದದ್ದು ಉತ್ತರ ಗೊತ್ತಿಲ್ಲದ ಆ ಮನುಷ್ಯನಿಗಾಗಿಯೇ. ಕೊರತೆಯನ್ನು ಮುಚ್ಚಿಡುವ ಶ್ರಮ ನಿಂತ ದಿನ ಅವನು ಗಣಧರನಾದ.

ಮಾನದ ಎರಡು ಮುಖ

ಕೀಳರಿಮೆ ಮಾನಕಷಾಯಕ್ಕೆ ವಿರುದ್ಧವಾದ ಗುಣವೆಂದು ಮೇಲ್ನೋಟಕ್ಕೆ ತೋರುತ್ತದೆ. ಆದರೆ ಎರಡರ ಬೇರೂ ಹೋಲಿಕೆಯಲ್ಲಿದೆ. ತಾನು ಎಲ್ಲರಿಗಿಂತ ಮೇಲೆಂಬ ಭಾವವೂ ತಾನು ಎಲ್ಲರಿಗಿಂತ ಕೆಳಗೆಂಬ ಭಾವವೂ 'ತಾನು' ಎಂಬ ಕಂಬವನ್ನೇ ಸುತ್ತುತ್ತವೆ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಜ್ಞಾನ, ಪೂಜೆ, ಕುಲ, ಜಾತಿ, ಬಲ, ಸಂಪತ್ತು, ತಪಸ್ಸು, ರೂಪ ಎಂಬ ಎಂಟು ಮದಗಳನ್ನು ಎಣಿಸುತ್ತದೆ. ಕಚೇರಿಯ ಅಳುಕನ್ನು ಬಿಡಿಸಿ ನೋಡಿದರೆ ಇದೇ ಪಟ್ಟಿ ತಲೆಕೆಳಗಾಗಿ ಕಾಣುತ್ತದೆ. ಅವರ ಇಂಗ್ಲಿಷ್ ತನಗಿಲ್ಲ, ಅವರು ಓದಿದ ಕಾಲೇಜು ತನ್ನದಲ್ಲ, ಅವರ ಮನೆತನ ತನಗಿಲ್ಲ.

ಇದಕ್ಕೆ ಮದ್ದಾಗಿ ತತ್ತ್ವಾರ್ಥಸೂತ್ರ ಹೇಳುವ ನಾಲ್ಕು ಭಾವನೆಗಳಲ್ಲಿ ಪ್ರಮೋದವನ್ನು ಆರಿಸಿಕೊಳ್ಳಬಹುದು. ಎಲ್ಲ ಜೀವಿಗಳಲ್ಲಿ ಮೈತ್ರಿ, ಗುಣದಲ್ಲಿ ಹಿರಿಯರಾದವರನ್ನು ಕಂಡಾಗ ಪ್ರಮೋದ, ನೊಂದವರಲ್ಲಿ ಕಾರುಣ್ಯ, ವಿರೋಧಿಗಳಲ್ಲಿ ಮಾಧ್ಯಸ್ಥ್ಯ. ತನಗಿಂತ ಚೆನ್ನಾಗಿ ಕೆಲಸ ಬಲ್ಲ ಸಹೋದ್ಯೋಗಿಯನ್ನು ಕಂಡಾಗ ಕುಗ್ಗುವ ಬದಲು ಸಂತೋಷಪಡಲು ಮನಸ್ಸನ್ನು ತಿದ್ದುವುದು ಪ್ರಮೋದದ ಅಭ್ಯಾಸ. ಸಂತೋಷಪಡುವವನು ಹತ್ತಿರ ಹೋಗುತ್ತಾನೆ, ಕೇಳುತ್ತಾನೆ, ಕಲಿಯುತ್ತಾನೆ. ಕುಗ್ಗುವವನು ದೂರ ಸರಿಯುತ್ತಾನೆ.

'ಎಲ್ಲವೂ ಅದೃಷ್ಟ' ಎಂಬ ಮಾತನ್ನೂ ಅನೇಕಾಂತದ ತಕ್ಕಡಿಯಲ್ಲಿ ತೂಗಬೇಕು. ಕಾಲ, ಸ್ವಭಾವ, ನಿಯತಿ, ಪೂರ್ವಕರ್ಮ, ಪುರುಷಪ್ರಯತ್ನ - ಇವುಗಳಲ್ಲಿ ಯಾವುದೇ ಒಂದನ್ನು ಮಾತ್ರ ಕಾರಣವೆಂದು ಹಿಡಿದರೆ ಮಿಥ್ಯೆ, ಎಲ್ಲವನ್ನೂ ಒಟ್ಟಾಗಿ ಕಂಡರೆ ಸಮ್ಯಕ್ತ್ವವೆಂದು ಸಿದ್ಧಸೇನ ದಿವಾಕರರ ಸನ್ಮತಿತರ್ಕ ವಿವರಿಸುತ್ತದೆ. ಯಶಸ್ಸೆಲ್ಲ ತನ್ನ ದುಡಿಮೆಯದೇ ಎನ್ನುವುದು ಒಂದು ಏಕಾಂತ. ತನ್ನ ದುಡಿಮೆಗೆ ಅದರಲ್ಲಿ ಪಾಲೇ ಇಲ್ಲ ಎನ್ನುವುದು ಇನ್ನೊಂದು ಏಕಾಂತ. ಒಳ್ಳೆಯ ಗುರು ಸಿಕ್ಕಿದ್ದು ನಿಜ, ಸಂದರ್ಭ ಒದಗಿದ್ದು ನಿಜ, ಆ ಸಂದರ್ಭದಲ್ಲಿ ನಿದ್ದೆಗೆಟ್ಟು ದುಡಿದದ್ದೂ ಅಷ್ಟೇ ನಿಜ.

ಉದ್ದು ಮತ್ತು ಸಿಪ್ಪೆ

ಕುಂದಕುಂದಾಚಾರ್ಯರು ಭಾವಪಾಹುಡದಲ್ಲಿ ಶಿವಭೂತಿ ಎಂಬ ಮುನಿಯನ್ನು ಸ್ಮರಿಸುತ್ತಾರೆ. ಪರಂಪರೆಯ ಕಥೆಯಂತೆ ಆತನಿಗೆ ಶಾಸ್ತ್ರದ ಪಾಠ ನೆನಪಿನಲ್ಲಿ ನಿಲ್ಲುತ್ತಿರಲಿಲ್ಲ. ಗುರುಗಳು ಹೇಳಿಕೊಟ್ಟ ಪುಟ್ಟ ಮಾತೂ ಮರೆತುಹೋಗುತ್ತಿತ್ತು. ಒಂದು ದಿನ ಹೆಂಗಸೊಬ್ಬಳು ಉದ್ದಿನ ಬೇಳೆಯನ್ನು ತೊಳೆದು ಸಿಪ್ಪೆ ಬೇರ್ಪಡಿಸುತ್ತಿರುವುದನ್ನು ಆತ ಕಂಡ. ತುಷವೆಂದರೆ ಸಿಪ್ಪೆ, ಮಾಷವೆಂದರೆ ಉದ್ದು. ಸಿಪ್ಪೆ ಬೇರೆ, ಉದ್ದು ಬೇರೆ. ಹಾಗೆಯೇ ದೇಹ ಬೇರೆ, ಆತ್ಮ ಬೇರೆ. 'ತುಷಮಾಷ' ಎಂಬ ಅಷ್ಟೇ ಮಾತನ್ನು ಭಾವಶುದ್ಧಿಯಿಂದ ಜಪಿಸುತ್ತ ಆತ ಕೇವಲಜ್ಞಾನ ಪಡೆದ.

ಸಹಪಾಠಿಗಳ ನೆನಪಿನ ಶಕ್ತಿಗೆ ತನ್ನದನ್ನು ಹೋಲಿಸಿ ಶಿವಭೂತಿ ಸಂಘವನ್ನು ಬಿಟ್ಟು ಹೋಗಿದ್ದರೆ ಆ ದಿನ ಅವನ ಪಾಲಿಗೆ ಬರುತ್ತಿರಲಿಲ್ಲ. ಕಲಿಕೆ ಬೇಡವೆಂಬುದು ಈ ಕಥೆಯ ಅರ್ಥವಲ್ಲ. ಕಲಿಯುವ ವೇಗ ಯೋಗ್ಯತೆಯ ಅಳತೆಗೋಲಲ್ಲ ಎಂಬುದು ಅರ್ಥ. ಭೇದವಿಜ್ಞಾನವೆಂದು ಹೆಸರಾದ ಈ ವಿವೇಕವನ್ನು ದಿನದ ಕೆಲಸಕ್ಕೂ ಇಳಿಸಬಹುದು. ವರದಿಯಲ್ಲಿ ಲೆಕ್ಕ ತಪ್ಪಿದ್ದು ಸಿಪ್ಪೆ. ಅದನ್ನು ತೊಳೆದು ತೆಗೆಯಬೇಕು, ಮರುದಿನ ಸರಿಪಡಿಸಬೇಕು. ಆ ತಪ್ಪಿನೊಂದಿಗೆ ತನ್ನನ್ನೇ ಎಸೆದುಬಿಡುವುದು ಸಿಪ್ಪೆಯ ಜತೆಗೆ ಉದ್ದನ್ನೂ ಚೆಲ್ಲಿದಂತೆ.

ಕೈಹಿಡಿಯುವ ಹೊಣೆ

ಉಪಾದಾನ ಮತ್ತು ನಿಮಿತ್ತ ಎಂಬ ಎರಡು ಕಾರಣಗಳನ್ನು ಜೈನದರ್ಶನ ಹೇಳುತ್ತದೆ. ಒಳಗಿನ ಯೋಗ್ಯತೆ ಉಪಾದಾನ, ಹೊರಗಿನ ಸಂದರ್ಭ ನಿಮಿತ್ತ. ಅಳುಕಿನ ಹೊಣೆಯನ್ನೆಲ್ಲ ಅಳುಕುವವನ ಮೇಲೆಯೇ ಹಾಕುವುದು ನ್ಯಾಯವಲ್ಲ. ಪ್ರಶ್ನೆ ಕೇಳಿದವರನ್ನು ನೋಡಿ ನಗುವ, ಉಚ್ಚಾರಣೆಯನ್ನು ಆಡಿಕೊಳ್ಳುವ, ತಪ್ಪನ್ನು ಹತ್ತು ಜನರೆದುರು ಎತ್ತಿ ಆಡುವ ಕಚೇರಿಯಲ್ಲಿ ಎಂಥವರ ಧೈರ್ಯವೂ ಕುಂದುತ್ತದೆ. ಅಲ್ಲಿ ತಿದ್ದಬೇಕಾದದ್ದು ನಿಮಿತ್ತವನ್ನು.

ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಮೊದಲನೆಯದು ನಿಃಶಂಕಿತ. ಅದು ವ್ಯಕ್ತಿ ತನ್ನೊಳಗೆ ಗಳಿಸಬೇಕಾದ ಸ್ಥೈರ್ಯ. ಐದು, ಆರು, ಏಳನೆಯವಾದ ಉಪಗೂಹನ, ಸ್ಥಿತಿಕರಣ, ವಾತ್ಸಲ್ಯಗಳು ಇತರರೊಡನೆ ನಡೆದುಕೊಳ್ಳುವ ರೀತಿಗೆ ಸಂಬಂಧಿಸಿದವು. ಇನ್ನೊಬ್ಬರ ದೋಷವನ್ನು ಬೀದಿಗೆ ತರದಿರುವುದು ಉಪಗೂಹನ. ಅಲುಗಾಡುವವನನ್ನು ಮತ್ತೆ ನೆಲೆಯಲ್ಲಿ ನಿಲ್ಲಿಸುವುದು ಸ್ಥಿತಿಕರಣ. ಇದಕ್ಕೆ ಶಾಸ್ತ್ರ ಕೊಡುವ ದೃಷ್ಟಾಂತ ಶ್ರೇಣಿಕ ಮಹಾರಾಜನ ಮಗ ವಾರಿಷೇಣ ಮುನಿಯದು. ದೀಕ್ಷೆ ಪಡೆದೂ ಮನಸ್ಸನ್ನು ಮನೆಯಲ್ಲೇ ಬಿಟ್ಟು ಬಂದಿದ್ದ ಗೆಳೆಯನನ್ನು ಆತ ಸಂಘದ ಮುಂದೆ ಹೀಯಾಳಿಸಲಿಲ್ಲ. ತನ್ನ ಅರಮನೆಗೆ ಕರೆದೊಯ್ದು, ತಾನು ತೊರೆದ ವೈಭವವನ್ನು ಕಣ್ಣಾರೆ ತೋರಿಸಿ, ಅವನೊಳಗಿನ ವಿವೇಕವೇ ಏಳುವಂತೆ ಮಾಡಿದ.

ಕನ್ನಡ ನಾಡಿನಲ್ಲಿ ಇದರ ಉಜ್ಜ್ವಲ ಉದಾಹರಣೆ ಕವಿ ರನ್ನನ ಬಾಳು. ಮುದುವೊಳಲು, ಅಂದರೆ ಇಂದಿನ ಮುಧೋಳ, ಅವನ ಊರು. ಮನೆಯ ಕಸುಬು ಬಳೆಗಾರಿಕೆ. ವಿದ್ಯೆಯ ಹಂಬಲ ಹೊತ್ತು ದೂರ ಬಂದವನಿಗೆ ಅಜಿತಸೇನಾಚಾರ್ಯರು ಗುರುವಾದರು, ಚಾವುಂಡರಾಯ ಆಶ್ರಯವಾದ. ಮುಂದೆ ದಾನಚಿಂತಾಮಣಿ ಅತ್ತಿಮಬ್ಬೆ ಅವನಿಂದ ಅಜಿತಪುರಾಣವನ್ನು ಬರೆಸಿದಳು. ಅದು ಮುಗಿದದ್ದು 993ರಲ್ಲಿ. ಬಳೆಗಾರರ ಮನೆಯ ಹುಡುಗ ಚಾಲುಕ್ಯರ ಆಸ್ಥಾನದಲ್ಲಿ ಕವಿಚಕ್ರವರ್ತಿಯಾದ. ರನ್ನನ ಆತ್ಮವಿಶ್ವಾಸ ಕನ್ನಡದಲ್ಲಿ ಮನೆಮಾತು. ಆ ವಿಶ್ವಾಸದ ಹಿಂದೆ ಅವನ ಪ್ರತಿಭೆಯಷ್ಟೇ, ಅವನ ಕುಲವನ್ನು ಕೇಳದೆ ಪಾಠ ಹೇಳಿದ ಗುರುವೂ ಪುರಾಣದಂಥ ದೊಡ್ಡ ಕೆಲಸವನ್ನು ನಂಬಿ ಒಪ್ಪಿಸಿದ ಪೋಷಕಿಯೂ ಇದ್ದಾರೆ. ಮನೆತನದಲ್ಲಿ ಮೊದಲ ಬಾರಿಗೆ ಕಚೇರಿಯ ಮೆಟ್ಟಿಲು ಹತ್ತಿದವರ ಮೇಲಧಿಕಾರಿಯಾದವರು ಇದನ್ನು ನೆನೆದರೆ ಸಾಕು, ಸ್ಥಿತಿಕರಣದ ಅರ್ಥವಾಗುತ್ತದೆ.

ದಿನದ ಅಭ್ಯಾಸ

ಶ್ರಾವಕನ ನಿತ್ಯಾಚರಣೆಗಳಲ್ಲಿಯೇ ಈ ಅಳುಕಿನ ಚಿಕಿತ್ಸೆಗೆ ಬೇಕಾದ ಸಾಧನಗಳಿವೆ. ಮೊದಲನೆಯದು ಆಲೋಚನಾ, ಎಂದರೆ ತನ್ನ ದೋಷವನ್ನು ಗುರುವಿನೆದುರು ಮರೆಮಾಚದೆ ಹೇಳಿಕೊಳ್ಳುವುದು. ದೊಡ್ಡದನ್ನು ಮುಚ್ಚಿಡಲು ಸಣ್ಣದನ್ನು ಮಾತ್ರ ಹೇಳುವುದನ್ನೂ ಶಾಸ್ತ್ರ ಆಲೋಚನೆಯ ದೋಷಗಳಲ್ಲಿ ಎಣಿಸುತ್ತದೆ. ವೃತ್ತಿಯಲ್ಲಿಯೂ ನಂಬಿಕೆಗೆ ಅರ್ಹರಾದ ಒಬ್ಬ ಹಿರಿಯರ ಬಳಿ 'ಇಷ್ಟು ಬರುತ್ತದೆ, ಇಷ್ಟು ಬರುವುದಿಲ್ಲ' ಎಂದು ಬಿಚ್ಚಿ ಹೇಳಿದಾಗ ಅರ್ಧ ಭಾರ ಇಳಿಯುತ್ತದೆ. ಇದು ಉತ್ತಮ ಆರ್ಜವ, ದಶಧರ್ಮಗಳಲ್ಲೊಂದು.

ಎರಡನೆಯದು ಪೃಚ್ಛನಾ, ಎಂದರೆ ಪ್ರಶ್ನೆ ಕೇಳುವುದು. ಸ್ವಾಧ್ಯಾಯದ ಐದು ಅಂಗಗಳಲ್ಲಿ ಇದೂ ಒಂದು. ಸ್ವಾಧ್ಯಾಯವಾದರೋ ಆಭ್ಯಂತರ ತಪಸ್ಸು. ತಪಸ್ಸೆಂದು ಶಾಸ್ತ್ರ ಗೌರವಿಸಿದ ಕೆಲಸವನ್ನು ಅವಮಾನವೆಂದು ಕಚೇರಿಯಲ್ಲಿ ಭಾವಿಸಬೇಕಾಗಿಲ್ಲ. ಸಭೆಯಲ್ಲಿ ಒಬ್ಬರು ಕೇಳಿದ ಪ್ರಶ್ನೆ ಅನೇಕ ವೇಳೆ ಮೌನವಾಗಿದ್ದ ಇನ್ನೂ ನಾಲ್ವರದಾಗಿರುತ್ತದೆ.

ಮೂರನೆಯದು ಸಾಮಾಯಿಕ. ಒಂದು ಮುಹೂರ್ತ, ಎಂದರೆ 48 ನಿಮಿಷ, ಹೊಗಳಿಕೆ ತೆಗಳಿಕೆಗಳೆರಡನ್ನೂ ಒಂದೇ ದೂರದಲ್ಲಿಟ್ಟು ಕುಳಿತುಕೊಳ್ಳುವ ಅಭ್ಯಾಸ. ದಿನದ ಕೊನೆಯಲ್ಲಿ ಅಂದು ಕಲಿತದ್ದನ್ನೂ ಎಡವಿದ್ದನ್ನೂ ಎರಡು ಸಾಲಿನಲ್ಲಿ ಬರೆದಿಡುವುದು ಇದಕ್ಕೆ ಪೂರಕ. ತಪ್ಪಿನ ಸಾಲನ್ನಷ್ಟೇ ಓದುವ ಮನಸ್ಸಿಗೆ ಇನ್ನೊಂದು ಸಾಲನ್ನೂ ಓದುವ ರೂಢಿ ಬೀಳಬೇಕು. ಇಷ್ಟಾದರೂ ನಿದ್ರೆ ಕೆಡಿಸುವಷ್ಟು, ಕೆಲಸಕ್ಕೆ ಹೋಗಲು ಕಾಲೇಳದಷ್ಟು ಆತಂಕ ಉಳಿದರೆ ಮನೋವೈದ್ಯರನ್ನು ಕಾಣುವುದು ವಿವೇಕ. ಶರೀರದ ನೋವಿಗೆ ಔಷಧ ಪಡೆಯುವುದು ಧರ್ಮಕ್ಕೆ ವಿರೋಧವಲ್ಲದ ಮೇಲೆ ಮನಸ್ಸಿನ ನೋವಿಗೂ ಅಲ್ಲ.

ಈ ಎಲ್ಲ ಅಭ್ಯಾಸಗಳಿಗೂ ಮೇಲ್ಪಂಕ್ತಿ ಗೌತಮ ಗಣಧರನೇ. ಒಂದು ಸಂದೇಹವನ್ನು ಬಚ್ಚಿಟ್ಟು ಬದುಕುತ್ತಿದ್ದ ಪಂಡಿತನು ಮುಂದೆ ಕೇಳುವುದನ್ನೇ ತನ್ನ ಸಾಧನೆಯಾಗಿಸಿಕೊಂಡ. ಶ್ವೇತಾಂಬರ ಆಗಮಗಳಲ್ಲಿ ಭಗವತೀಸೂತ್ರದ ಬಹುಭಾಗ ಮಹಾವೀರರು ಗೌತಮನ ಪ್ರಶ್ನೆಗಳಿಗೆ ಕೊಟ್ಟ ಉತ್ತರಗಳ ರೂಪದಲ್ಲಿಯೇ ಇದೆ. ಅದರಲ್ಲಿ 36,000 ಪ್ರಶ್ನೋತ್ತರಗಳಿದ್ದವೆಂದು ಪರಂಪರೆ ನಂಬುತ್ತದೆ. ಅಷ್ಟು ಬಾರಿ 'ತಿಳಿಯದು, ತಿಳಿಸಿ' ಎಂದವನನ್ನು ಜೈನಸಂಘ ಅನರ್ಹನೆಂದು ಕರೆಯಲಿಲ್ಲ. ಎರಡೂವರೆ ಸಾವಿರ ವರ್ಷಗಳಿಂದ ಅವನನ್ನು ಮೊದಲ ಗಣಧರನೆಂದೇ ವಂದಿಸುತ್ತ ಬಂದಿದೆ.